ಹಸಿರು ದೀಪದ ಹೋಳಿಗೆ

ಮಳೆಗಾಲ ಶುರುವಾದರೆ ಅನಗೋಳದ ನಮ್ಮ ಮನೆಯಲ್ಲಿ ಸಂಜೆಯ ಚಹಾವನ್ನೂ ನೆಮ್ಮದಿಯಾಗಿ ಕುಡಿಯುವಂತಿಲ್ಲ. ನಾವು ಜೈನರು, ಚಾತುರ್ಮಾಸದಲ್ಲಿ ಸೂರ್ಯ ಮುಳುಗುವುದರೊಳಗೆ ಉಂಡು ಮುಗಿಸಬೇಕು, ಆಮೇಲೆ ನೀರೂ ಇಲ್ಲ. ಮೋಡದಲ್ಲಿ ಸೂರ್ಯನೇ ಕಾಣದ್ದರಿಂದ ಮಹಿಳಾ ಮಂಡಳದ ನಲವತ್ತು ಮಂದಿ ನನ್ನ ಹೆಂಡತಿ ಸುಹಾಸಿನಿಗೆ ಫೋನ್ ಮಾಡಿ, "ಇನ್ನೂ ಹೊತ್ತು ಐತೇನ್ರಿ?" ಎಂದು ಕೇಳುತ್ತಾರೆ. (ಸೂರ್ಯ ಇವಳ ಅಪ್ಪಣೆ ಪಡೆದೇ ಮುಳುಗುತ್ತಾನೆಂದು ಅವರ ನಂಬಿಕೆ. ನನ್ನದೂ ಅದೇ.)

ಈ ಫೋನುಗಳ ಕಾಟ ನಿಲ್ಲಿಸಲು ವೆಬ್‌ಸೈಟ್ ಮಾಡುವ ಮಹಾಸಂಕಲ್ಪ ಕೈಗೊಂಡೆ. ಹೊತ್ತು ಇದ್ದರೆ ಹಸಿರು ದೀಪ, ಪಂಚಾಂಗದ ಸೂರ್ಯಾಸ್ತದ ಸಮಯ ದಾಟಿದೊಡನೆ ಕೆಂಪು. ಅದಕ್ಕಾಗಿ ಎಲ್ಲೋ ದೂರದಲ್ಲಿರುವ ದೊಡ್ಡ ಕಂಪ್ಯೂಟರಿನಲ್ಲಿ ಒಂದು ಪಾಲು ಬಾಡಿಗೆಗೆ ಹಿಡಿದೆ, ಸರ್ವರ್ ಎನ್ನುತ್ತಾರೆ. ಅದನ್ನು ನಡೆಸುವ ತಂತ್ರಾಂಶಕ್ಕೆ ಲಿನಕ್ಸ್ ಎಂದು ಹೆಸರು, ಅದರ ಹಲವು ಬಗೆಗಳಲ್ಲಿ ಯಾವುದನ್ನು ಹಾಕಬೇಕೆಂದು ನಾವೇ ಆರಿಸಬೇಕಂತೆ. ಉಬುಂಟು, ಡೆಬಿಯನ್, ಅಲ್ಮಾ, ಇನ್ನೂ ಏನೇನೋ. ಮೂರು ವಾರ ಅಧ್ಯಯನ ಮಾಡಿದೆ.

"ಬಾಜು ಮನಿ ಕಂಪ್ಯೂಟರ್ ಹುಡುಗ ಶೀತಲಗ ಗೊತ್ತಿದ್ದದ್ದು ಹಾಕ್ರಿ. ಕೆಟ್ಟರ ಕರೀಬಹುದು," ಎಂದಳು ಸುಹಾಸಿನಿ.

"ಅವಗ ಉಬುಂಟು ಗೊತ್ತು. ಅದನ್ನ ಎಲ್ಲಾರೂ ಹಾಕ್ತಾರ."

"ಎಲ್ಲಾರೂ ಅನ್ನಾನೂ ಉಣ್ತಾರ. ನೀವು ಬಿಡ್ತೀರೇನು?"

ಈ ಕುತರ್ಕಕ್ಕೆ ನಾನು ಕಿವಿಗೊಡಲಿಲ್ಲ. ಸ್ಥಿರತೆಗೆ ಹೆಸರಾದ ಡೆಬಿಯನ್ನನ್ನೇ ಸ್ಥಾಪಿಸಿದೆ.

ಉದ್ಘಾಟನೆಯ ದಿನ ಖಾನಾಪುರದಿಂದ ಅತ್ತೆ ಶಾಂತಾಬಾಯಿ ಬಂದರು. ಅವರ ನೆಪದಲ್ಲಿ ಹೋಳಿಗೆ ಆಯಿತು. ಆರೂವರೆಗೇ ಅತ್ತೆ ಊಟಕ್ಕೆ ಕುಳಿತು, "ಅಳಿಯಂದ್ರ, ಬರ್ರಿ, ಹೊತ್ತಾತು," ಎಂದು ಕರೆದರು.

ನಾನು ಒಳಕೋಣೆಯಲ್ಲಿ ಅಕ್ಷರಗಳ ಬಣ್ಣ ತಿದ್ದುತ್ತಿದ್ದೆ. "ನೀವು ಉಣ್ರಿ. ದೀಪ ಇನ್ನೂ ಹಸಿರೈತಿ!"

"ರೀ, ಗಡಿಯಾರದಾಗ ಏಳಾತು!" ಸುಹಾಸಿನಿ ಕೂಗಿದಳು.

"ಅದು ಹತ್ತು ಮಿನಿಟ್ ಮುಂದ ಐತಿ. ನೀನ ಇಟ್ಟೀದಿ."

ಎಲ್ಲ ಮುಗಿಸಿ ಹೊರಬಂದಾಗ ಬೀದಿಯ ದೀಪ ಹತ್ತಿತ್ತು. ಅತ್ತೆ ಕೈ ತೊಳೆದು ಜಪಮಾಲೆ ಹಿಡಿದಿದ್ದರು. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ನನ್ನ ಪರದೆಯ ಮೇಲೆ ಮಾತ್ರ ಹಸಿರು ದೀಪ ಹಾಗೇ ಉರಿಯುತ್ತಿತ್ತು. ತುಪ್ಪದ ವಾಸನೆ ಇನ್ನೂ ಮನೆ ತುಂಬ ಇತ್ತು, ಹೋಳಿಗೆ ನನಗೆ ತಪ್ಪಿತ್ತು.

ಕೊನೆಗೆ ಶೀತಲನನ್ನೇ ಕರೆದೆವು. ನೋಡಿದವನೇ ನಕ್ಕ. "ಕಾಕಾ, ಸರ್ವರಿನ ಗಡಿಯಾರ ನಮ್ಮದಕ್ಕಿಂತ ಐದೂವರಿ ತಾಸು ಹಿಂದ ಐತ್ರಿ. ಅದಕ್ಕಿನ್ನೂ ಮಧ್ಯಾಹ್ನ. ನಮ್ಮ ಟೈಮ್ ನಾವ ಹಚ್ಚಬೇಕು."

"ಉಬುಂಟು ಹಾಕಿದ್ರ?"

"ಅದರಾಗೂ ಹಿಂಗ ಇರತಿತ್ರಿ. ಆದ್ರ ಅದನ್ನ ಹಾಕಾಕ ನನ್ನ ಕರೀತಿದ್ರಿ. ನಾ ಟೈಮ್ ಹಚ್ಚಿ ಹೋಗ್ತಿದ್ನಿ."

ಅತ್ತೆ ಜಪಮಾಲೆಯಿಂದ ಕಣ್ಣೆತ್ತಿದರು. "ಅಳಿಯಂದ್ರ, ನಿಮ್ಮ ಸರ್ವರಿನ ಊರಾಗ ಇನ್ನೂ ಹೊತ್ತು ಮುಳುಗಿಲ್ಲಲ್ರಿ. ಅಲ್ಲೇ ಹೋಗಿ ಉಂಡು ಬರ್ರಿ."

ಮರುದಿನ ಅವರು ಖಾನಾಪುರ ಮುಟ್ಟುವುದರೊಳಗೆ ಸುದ್ದಿ ಮಂಡಳಕ್ಕೆಲ್ಲ ಮುಟ್ಟಿತ್ತು. ದೀಪ ಈಗ ಸರಿಯಾಗಿ ಕೆಂಪಾಗುತ್ತದೆ. ಸಂಜೆಯ ನಲವತ್ತು ಫೋನುಗಳೂ ತಪ್ಪದೆ ಬರುತ್ತವೆ. ಪ್ರಶ್ನೆ ಮಾತ್ರ ಬದಲಾಗಿದೆ:

"ನಿಮ್ಮ ಮನಿಯವ್ರು ಉಂಡ್ರೇನ್ರಿ?"