ಜನರಲ್ ತಾತನ ನಾಲ್ಕನೇ ನಕ್ಷತ್ರ

"ಅಮ್ಮಾ, ಜನರಲ್ ತಾತಾಗೆ ಯಾಕೆ ಮೂರೇ ಸ್ಟಾರು? ನಂಗೇ ಮಿಸ್ ನಾಲ್ಕು ಕೊಟ್ರು. ತಾತಾ ಸರಿಯಾಗಿ ಓದ್ಲಿಲ್ವಾ?"

ಎಲ್‌ಕೆಜಿಯ ಮೌನ ಮುಂಗೈ ಮೇಲಿನ ನೇರಳೆ ಶಾಯಿಯ ನಕ್ಷತ್ರಗಳನ್ನು ಎತ್ತಿ ತೋರಿಸುತ್ತ ಹೀಗೆ ಕೇಳಿದಾಗ ವಿನೋದಾ ಅನ್ನ ಬಸಿಯುತ್ತಿದ್ದಳು. ಈ ಹುಡುಗಿಗೆ ಮೌನ ಎಂದು ಹೆಸರಿಟ್ಟು ಇಡೀ ಚೆನ್ನೈಗೆ ಮೋಸ ಮಾಡಿದೆನೆಂದು ಅವಳಿಗೆ ಅನಿಸದ ದಿನವಿರಲಿಲ್ಲ. "ತಾತ ಒಳ್ಳೆಯವರಾಗಿದ್ರೆ ಇನ್ನೊಂದು ಸಿಗುತ್ತೆ ಬಿಡು, ಹೋಗಿ ಕೈ ತೊಳ್ಕೋ" ಎಂದುಬಿಟ್ಟಳು. ಮುಂದಿನ ಮಹಾಯುದ್ಧಕ್ಕೆಲ್ಲ ಈ ಒಂದು ಮಾತೇ ಮೂಲ.

ಬೆಸೆಂಟ್ ನಗರದ ಆ ಕಟ್ಟಡದ ಮೂರನೇ ಮಹಡಿಯಲ್ಲಿ ಇದ್ದದ್ದು ಎರಡೇ ಮನೆ. ಒಂದು ವಿನೋದಾಳದು. ಎದುರಿನದು ನಿವೃತ್ತ ಲೆಫ್ಟಿನೆಂಟ್ ಜನರಲ್ ತಿರುಮಲರಾಯರದು. ಒಂದು ಕಾಲದಲ್ಲಿ ಅವರ ಕಾರಿನ ಮೂತಿಯ ಮೇಲೆ ಮೆರೆದ, ಮೂರು ನಕ್ಷತ್ರಗಳ ಕೆಂಪು ಫಲಕ ಈಗ ಬಾಗಿಲ ಪಕ್ಕದ ಗೋಡೆಯೇರಿತ್ತು. ಸೈನ್ಯದ ಪದ್ಧತಿಯಂತೆ ಸಾಹೇಬರು ಕಾರಿನೊಳಗಿದ್ದರೆ ನಕ್ಷತ್ರ ಕಾಣಬೇಕು, ಇಲ್ಲದಿದ್ದರೆ ಫಲಕಕ್ಕೆ ಮುಸುಕು ಬೀಳಬೇಕು. ಕಾರು ಹೋದರೂ ರಾಯರ ಪದ್ಧತಿ ಹೋಗಲಿಲ್ಲ. ಮೊಸರು ತರಲು ಹೊರಟರೂ ಕರಿ ರೆಕ್ಸಿನ್ನಿನ ಮುಸುಕು ಇಳಿಯುತ್ತಿತ್ತು, ಮೊಸರಿನೊಡನೆ ಮರಳಿದರೆ ಏರುತ್ತಿತ್ತು.

ನಾಲ್ಕು ನಕ್ಷತ್ರವಿದ್ದರೆ ಪೂರ್ತಿ ಜನರಲ್, ಐದಿದ್ದರೆ ಫೀಲ್ಡ್ ಮಾರ್ಷಲ್, ಆತ ಸಾಯುವ ತನಕ ನಿವೃತ್ತನೇ ಆಗುವುದಿಲ್ಲ ಎಂದು ಮೌನಳಿಗೆ ಪಾಠ ಹೇಳಿದವರೂ ರಾಯರೇ. ಹಾಗಾದರೆ ತಾನೂ ಫೀಲ್ಡ್ ಮಾರ್ಷಲ್ಲೇ ಎಂದುಕೊಂಡಿದ್ದಳು ವಿನೋದಾ. ನಿವೃತ್ತಿಯಂತೂ ಇಲ್ಲ, ಸೆಲ್ಯೂಟ್ ಹೊಡೆಯುವವರು ಮಾತ್ರ ಯಾರೂ ಸಿಕ್ಕಿಲ್ಲ.

ಅವತ್ತು ಸಂಜೆ ಐದಕ್ಕೆ ಎದುರುಮನೆಗೆ ಪಿಂಟು ಬರುವವರಿದ್ದರು. ಪಿಂಟು ಎಂದರೆ ಚಿಕ್ಕ ಹುಡುಗನಲ್ಲ; ನಾಲ್ಕು ನಕ್ಷತ್ರ ಹೊತ್ತು ನಿವೃತ್ತರಾದ ಪೂರ್ತಿ ಜನರಲ್ಲು. ತರಬೇತಿಯ ದಿನಗಳಲ್ಲಿ ಅವರೂ ರಾಯರೂ ಒಂದೇ ಕೋಣೆಯಲ್ಲಿದ್ದವರು. ಇಬ್ಬರೂ ಸರಿಸಮವಾಗಿ ಮೇಲೇರಿದರು. ತುತ್ತತುದಿಯಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ಪಿಂಟು ಕೂತರು. ಅಂದಿನಿಂದ ಮಾತು ನಿಂತಿತ್ತು. ಈಗ ಅವರೇ ಫೋನ್ ಮಾಡಿದ್ದರು. ಕರಿಬೇವು ಕೇಳಲು ಬಂದ ರಾಯರ ಹೆಂಡತಿ ಜಯಲಕ್ಷ್ಮೀ ಇಷ್ಟನ್ನೂ ಹೇಳಿ, ದನಿ ತಗ್ಗಿಸಿದರು. "ಇವತ್ತು ತಪ್ಪಿದ್ರೆ ಈ ಜನ್ಮದಲ್ಲಿ ಇಬ್ರೂ ಸೇರೋಲ್ಲ ಮಾ. ಬೆಳಗ್ಗೇಂದ ಹೂಕುಂಡಗಳನ್ನ ಎತ್ತರದ ಪ್ರಕಾರ ಲೈನಲ್ಲಿ ನಿಲ್ಲಿಸ್ತಾ ಇದಾರೆ, ಪಾಪ."

ವಿನೋದಾಳ ಎದೆ ಉಬ್ಬಿತು. "ನಾನಿದೀನಲ್ಲ ಆಂಟಿ, ನೀವು ಬೋಂಡಾ ಕಡೆ ನೋಡ್ಕೊಳ್ಳಿ. ನಮ್ಮ ಕಡೆಯಿಂದ ಒಂದು ಸೊಳ್ಳೆನೂ ಗಡಿ ದಾಟಲ್ಲ" ಎಂದು ಘೋಷಿಸಿದಳು.

ನಾಲ್ಕೂವರೆಗೆ ಗಡಿ ಪರಿಶೀಲನೆಗೆ ಹೊರಬಂದವಳು ಫಲಕ ನೋಡಿ ನಿಂತಲ್ಲೇ ಕಲ್ಲಾದಳು. ಮೂರು ನಕ್ಷತ್ರಗಳ ಪಕ್ಕದಲ್ಲಿ ನಾಲ್ಕನೆಯದೊಂದು ಮಿರಮಿರ ಮಿಂಚುತ್ತಿತ್ತು! ಸೌಕಾರ್‌ಪೇಟೆಯಲ್ಲಿ ಸಗಟು ದರಕ್ಕೆ ಸಿಕ್ಕಿತೆಂದು ಅವಳೇ ಕೊಂಡು ತಂದ, ಹಣೆಗಿಡುವ ನಕ್ಷತ್ರದಾಕಾರದ ಸ್ಟಿಕ್ಕರ್ ಪೊಟ್ಟು ಅದು. ಕುರ್ಚಿ ಗೆದ್ದವರು ಬರುವ ದಿನವೇ ಕುರ್ಚಿ ಸೋತವರ ಬಾಗಿಲಲ್ಲಿ ಕಳ್ಳ ನಕ್ಷತ್ರ. ಪಿಂಟು ಏನೆಂದುಕೊಂಡಾರು?

ಮೌನ ತಪ್ಪೊಪ್ಪಿಗೆಯನ್ನು ಹೆಮ್ಮೆಯಿಂದಲೇ ಕೊಟ್ಟಳು. ತಾತ ಗುಡ್ ಬಾಯ್ ತಾನೇ, ಗುಡ್ ಬಾಯ್‌ಗೆ ಇನ್ನೊಂದು ಸಿಗುತ್ತೆ ಅಂತ ನೀನೇ ತಾನೇ ಹೇಳಿದ್ದು? ಅಮ್ಮನ ಹಣೆಯ ಪೊಟ್ಟು ಬೆವರಿಗೆ ದಿನಾ ಜಾರಿ ಬೀಳುವುದನ್ನು ನೋಡಿದ್ದ ಬುದ್ಧಿವಂತೆ, ಕೆಳಗೊಂದಿಷ್ಟು ಫೆವಿಕಾಲನ್ನೂ ಬಳಿದಿದ್ದಳು.

ಉಗುರಿಗೆ ಅದು ಜಗ್ಗಲಿಲ್ಲ. ವಿನೋದಾ ಕೊಬ್ಬರಿ ಎಣ್ಣೆ ಸವರಿ, ಚಮಚದ ಹಿಂಬದಿಯಿಂದ ಮೀಟಿದಳು. ಇನ್ನೂ ಸ್ವಲ್ಪ ಬಲ ಹಾಕಿದಳು. ಟಣ್ ಎಂದು ಒಂದು ನಕ್ಷತ್ರ ನೆಲಕ್ಕುರುಳಿತು. ಪೊಟ್ಟಲ್ಲ, ಎಲಿಯಟ್ಸ್ ಬೀಚಿನ ಉಪ್ಪುಗಾಳಿಗೆ ಮೊಳೆ ತುಕ್ಕು ಹಿಡಿದಿದ್ದ ಮೂರನೆಯ ಅಸಲಿ ನಕ್ಷತ್ರ! ಎರಡು ಯುದ್ಧಗಳಲ್ಲಿ ಶತ್ರುಗಳಿಂದಾಗದ ಕೆಲಸವನ್ನು ಅವಳು ಒಂದು ಚಮಚದಲ್ಲಿ ಮಾಡಿ ಮುಗಿಸಿದ್ದಳು. ತಿರುಮಲರಾಯರು ಲೆಫ್ಟಿನೆಂಟ್ ಜನರಲ್ ಹುದ್ದೆಯಿಂದ ಮೇಜರ್ ಜನರಲ್ಲಿಗೆ ಇಳಿದಿದ್ದರು.

ಒಳಗೋಡಿ ಪೋರೂರಿನ ಆಫೀಸಿನಲ್ಲಿದ್ದ ಗಂಡ ಸಂಜೀವನಿಗೆ ಫೋನು ಮಾಡಿದಳು.

"ರೀ, ಸ್ಟಾರ್ ಬಿದ್ದೋಯ್ತು."

"ಯಾರ್ದು?"

"ಜನರಲ್ದು. ನಾನೇ ಕಿತ್ತಿದ್ದು."

"ಮೀಟಿಂಗಲ್ಲಿದೀನಿ ವಿನೂ. ಕೋರ್ಟ್ ಮಾರ್ಷಲ್ ಡೇಟ್ ಗೊತ್ತಾದ್ರೆ ಮೆಸೇಜ್ ಮಾಡು, ಲೀವ್ ಹಾಕ್ತೀನಿ."

ಅಷ್ಟರಲ್ಲಿ ಲಿಫ್ಟು ಮೇಲೇರುವ ಗೊರಗೊರ ಸದ್ದು ಕೇಳಿತು. ಹೊರಗೆ ಹಾರಿದ ವಿನೋದಾಳ ಕಣ್ಣಿಗೆ ಬಿದ್ದದ್ದು ಕರಿ ಮುಸುಕು. ಅದನ್ನು ಸರ್ರನೆ ಎಳೆದು ಫಲಕ ಮುಚ್ಚಿ, ಉದುರಿದ ನಕ್ಷತ್ರವನ್ನು ಮುಷ್ಟಿಯಲ್ಲಿ ಹಿಡಿದು ಮನೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡಳು. ಎಂಥ ಸಮಯಸ್ಫೂರ್ತಿ! ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವಷ್ಟು ಖುಷಿಯಾಯಿತು. ಎದುರುಮನೆಯ ಗಂಟೆ ಬಾರಿಸುವುದನ್ನೇ ಕಾಯುತ್ತ ಕಿವಿಗೊಟ್ಟಳು.

ಗಂಟೆ ಬಾರಿಸಲಿಲ್ಲ. ಲಿಫ್ಟು ಮತ್ತೆ ಗೊರಗುಟ್ಟುತ್ತ ಕೆಳಗಿಳಿಯಿತು.

"ಅಮ್ಮಾ, ಮೀಸೆ ತಾತಾ ರಿಟರ್ನ್ ಹೋಗ್ತಾ ಇದಾರೆ" ಎಂದು ಬಾಲ್ಕನಿಯಿಂದ ವರದಿ ಬಂತು.

ವಿನೋದಾಳಿಗೆ ಆಗ ಹೊಳೆಯಿತು. ಬಂದವರು ಕೊರಿಯರ್ ಹುಡುಗನಲ್ಲ, ನಲವತ್ತು ವರ್ಷ ಆ ಪದ್ಧತಿಯಲ್ಲೇ ಬದುಕಿದವರು. ನಕ್ಷತ್ರಕ್ಕೆ ಮುಸುಕು ಬಿದ್ದಿದೆ ಎಂದರೆ ಸಾಹೇಬರು ಒಳಗಿಲ್ಲ. ತಾನು ಬರುತ್ತೇನೆಂದು ಹೇಳಿದ ಹೊತ್ತಿಗೆ ಸರಿಯಾಗಿ ಗೆಳೆಯ ಎದ್ದು ಹೋಗಿದ್ದಾನೆ ಎಂದರೆ ಅವನ ಹಳೆಯ ಸಿಟ್ಟು ಇಳಿದಿಲ್ಲ ಎಂದೇ ಪಿಂಟು ತಿಳಿದಿರುತ್ತಾರೆ. ಬಾಗಿಲಾಚೆ ರಾಯರು ಬ್ಲೇಜರು ತೊಟ್ಟು, ಗಂಟೆಯ ಸದ್ದಿಗಾಗಿ ಕಾಯುತ್ತ ಕೂತಿರುತ್ತಾರೆ. ಬೋಂಡಾ ಆರುತ್ತಿರುತ್ತದೆ.

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದಳು. ನೈಟಿ, ಹೆಗಲ ಮೇಲೆ ಮಾನರಕ್ಷಣೆಗೊಂದು ಟವೆಲು, ಮೊಣಕೈವರೆಗೆ ಕೊಬ್ಬರಿ ಎಣ್ಣೆ. ಮೂರೂ ಸೇನೆಗಳ ವಂದನೆ ಪಡೆದಿರಬಹುದಾದ ಮನುಷ್ಯನ ಕಾರಿಗೆ ಗೇಟಿನಲ್ಲಿ ಅಡ್ಡ ನಿಂತು, ಬಂದಷ್ಟು ಇಂಗ್ಲಿಷಿನಲ್ಲಿ ಎಲ್ಲವನ್ನೂ ಒಪ್ಪಿಸಿ, ಸಾಕ್ಷಿಗೆಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಎಣ್ಣೆ ಮೆತ್ತಿದ ನಕ್ಷತ್ರ. ಪಿಂಟು ಕಿಟಕಿಯಿಂದ ಬಗ್ಗಿ ಅದನ್ನು ನೋಡಿದರು. ಆಮೇಲೆ ಅವನು ಮನೆಯಲ್ಲೇ ಇದ್ದಾನೆಯೇ ಎಂದಷ್ಟೇ ಕೇಳಿ, ಕಾರಿನಿಂದಿಳಿದರು.

ಮೇಲೆ ಬಂದು ಅವರೇ ಮುಸುಕು ಎತ್ತಿದರು. ಸದ್ದಿಗೆ ರಾಯರು ಬಾಗಿಲು ತೆರೆದರು. ಫಲಕದಲ್ಲಿ ಎರಡು ನಕ್ಷತ್ರ, ಒಂದು ತೂತು, ಒಂದು ಪೊಟ್ಟು. ಇಬ್ಬರು ಮುದುಕರೂ ಅದರತ್ತ ಬಗ್ಗಿದರು. ಜಯಲಕ್ಷ್ಮೀ ಬೋಂಡಾ ತಟ್ಟೆ ಹಿಡಿದು ಹಿಂದೆ ನಿಂತೇ ಇದ್ದರು. ವಿನೋದಾ ಕಿತ್ತ ನಕ್ಷತ್ರವನ್ನು ಅಂಗೈಯಲ್ಲೇ ಹಿಡಿದು, ಗೋಡೆಗೆ ಬೆನ್ನು ಕೊಟ್ಟು, ಗುಂಡು ಹಾರಿಸುವ ತುಕಡಿಗಾಗಿ ಕಾದಳು.

"ತಾತಾ, ನಾನ್ ಕೊಟ್ಟಿದ್ದು. ಗುಡ್ ಬಾಯ್ ಸ್ಟಾರ್" ಎಂದಳು ಮೌನ.

ರಾಯರು ಪೊಟ್ಟನ್ನು ಮೆಲ್ಲಗೆ ಮುಟ್ಟಿ, ಗಟ್ಟಿಯಾಗಿ ಅಂಟಿದೆಯೇ ಎಂದು ನೋಡಿದರು. ಇಷ್ಟು ವರ್ಷ ಮಾತು ಬಿಟ್ಟಿದ್ದ ಗೆಳೆಯನ ಹೆಗಲ ಮೇಲೆ ಕೈಹಾಕಿಕೊಂಡು ವಿನೋದಾಳ ಕಡೆ ತಿರುಗಿದರು.

"ಒಂದು ಉಪಕಾರ ಮಾಡು ಮಾ. ಆ ಬಿದ್ದ ಸ್ಟಾರನ್ನ ಮೊದಲಿದ್ದ ಕಡೆ ಅಂಟ್ಸು. ನಿನ್ನ ಪೊಟ್ಟು ಪ್ಯಾಕೆಟ್ಟಲ್ಲಿ ಇನ್ನೊಂದಿದ್ರೆ ಅದನ್ನೂ ತಗೊಂಡ್ಬಾ. ನಾಲ್ಕಾದ್ರೆ ಇವನೂ ನಾನೂ ಸಮ ಅಷ್ಟೇ. ಐದಾಗ್ಬಿಟ್ರೆ ಈ ಪಿಂಟು ನಂಗೆ ಸೆಲ್ಯೂಟ್ ಹೊಡ್ದೇ ಬೋಂಡಾ ತಿನ್ಬೇಕು."