ಚೀನಾ ಸೇಠನ ಚೀಲ

ಊರೂರು ತಿರುಗಿ ಮಾರುವ ನೌಕರಿಯಲ್ಲಿ ಸಾಮಾನು ಹೋಗುತ್ತದೋ ಇಲ್ಲವೋ, ದಿನಕ್ಕಿಷ್ಟು ಮರ್ಯಾದೆ ಮಾತ್ರ ಹೋಗೇ ಹೋಗುತ್ತದೆ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಕಾಲ ಮುಗಿದ ಹೊಸತರಲ್ಲಿ ನಾನು ಸಿಕಂದರಾಬಾದಿನ ಒಂದು ಚೀನಾ ಮನೆತನದ ಸಾಸ್ ಕಂಪನಿ ಸೇರಿದೆ. ಸಾಸ್ ಅಂದರೆ ಸೋಯಾ ಕಾಳು ಹುಳಿ ಬರಿಸಿ ತೆಗೆದ, ನಾಲಿಗೆ ಸುಡುವಷ್ಟು ಉಪ್ಪಿನ ಕಪ್ಪು ರಸ. ದಂಡಿನ ಗೋರಾ ಸಾಹೇಬರು ಹೋದಮೇಲೆ ಅದನ್ನು ತಿನ್ನುವವರು ಉಳಿಯಲಿಲ್ಲ. "ಗಾಂವ್ ಗಾಂವ್ ಫಿರೋ ಮಿಯಾ", ಊರೂರು ತಿರುಗಪ್ಪಾ, ಅಂದ ಸೇಠ್. ಅವನದು ಅಚ್ಚ ದಖ್ಖನಿ ಮಾತು. ಕೊರಳಲ್ಲಿ ಲಿಂಗ, ಹೆಗಲಲ್ಲಿ ಸಾಸಿನ ಚೀಲ, ಹೀಗೆ ಕನ್ನಡ ಮರಾಠಿ ಎರಡೂ ಆಡುವ ನಮ್ಮ ಸೀಮೆಗೇ ತಿರುಗಿ ಬಂದೆ.

ಮೊಣಕಾಲು

ಯೆಣೆಗೂರಿನ ಚಹಾದಂಗಡಿಯಲ್ಲಿ ಒಬ್ಬ ಅಜ್ಜ ಬಾಟಲಿ ನೋಡಿ, "ಇದು ಛಲೋ ಅದ ಏನು?" ಅಂದ. "ಭಾಳ ಗುಣದ್ದು ಅಜ್ಜಾ" ಅಂದೆ. ಸೇಠ್ ಹಾಗೇ ಹೇಳಬೇಕೆಂದು ಕಲಿಸಿದ್ದ. ಅಜ್ಜ ಒಂದು ಬಾಟಲಿ ಒಯ್ದ.

ಮುಂದಿನ ಸಂತೆಗೆ ಹೋದಾಗ ಅಜ್ಜ ಅಲ್ಲೇ ಕೂತಿದ್ದ. "ಹೆಂಗಿತ್ತು?" ಅಂದೆ.

"ದಿನಾ ಮೊಣಕಾಲಿಗೆ ತಿಕ್ಕೀನಿ. ನೋವು ಹಾಂಗೇ ಅದ."

"ಅದು ತಿಕ್ಕೂದಲ್ಲ ಅಜ್ಜಾ, ಊಟದಾಗ ಹಾಕ್ಕೊಳ್ಳೂದು."

ಅಂಗಡಿಯವರೆಲ್ಲ ನನ್ನತ್ತ ತಿರುಗಿದರು. ನಾನು ತಲೆ ತಗ್ಗಿಸಿದೆ. ಅಜ್ಜ ಸಮಾಧಾನದಿಂದ ಅಂದ: "ಅದಕ್ಕೇ ಮತ್ತ, ಊರಾಗಿನ ನಾಯಿ ಎಲ್ಲಾ ನನ್ನ ಕಾಲು ನೆಕ್ಕಲಿಕ್ಕ ಬರ್ತಾವ."

ನಾಕಾ

ಉಮರ್ಗಾದಿಂದ ಸೋಲಾಪುರದ ಕಡೆ ಹೋದರೆ ಆಗ ಮುಂಬಯಿ ರಾಜ್ಯದ ಗಡಿ. ಆ ಕಡೆ ಪಾನನಿಷೇಧ. ಗಡಿಯ ನಾಕಾದಲ್ಲಿ ಬಸ್ಸು ನಿಲ್ಲಿಸಿದ ಹವಾಲ್ದಾರ ನನ್ನ ಚೀಲ ಬಿಚ್ಚಿಸಿ, "ಹೇ ಕಾಯ್? ದಾರೂ?" ಅಂದ.

"ನಾಹೀ ಸಾಹೇಬ, ಚಟಣೀ."

ಚಟ್ನಿ ಎಲ್ಲಾದರೂ ಬಾಟಲಿಯಲ್ಲಿ ಇರುತ್ತದೆಯೇ? ಬಸ್ಸಿನವರೆಲ್ಲ ಇಳಿದು ಸುತ್ತ ನಿಂತರು. ಇಳಿಯದವರು ಅದೇ ಬಸ್ಸಿನಲ್ಲಿ ಹೊರಟಿದ್ದ ನಮ್ಮ ಸೋದರಮಾವ ಒಬ್ಬರೇ. ನನ್ನ ಪರಿಚಯವೇ ಇಲ್ಲದವರ ಹಾಗೆ ಕಿಟಕಿಯಾಚೆಯ ಜೋಳದ ಹೊಲ ನೋಡುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹವಾಲ್ದಾರ ಪರೀಕ್ಷೆಗೆಂದು ಬಾಟಲಿ ಎತ್ತಿ ಗಟಗಟ ಕುಡಿದ. ಕಣ್ಣು ಮೇಲಾದವು. ಗುಡಾಣದ ನೀರೆಲ್ಲ ಕುಡಿದು ಮುಗಿಸಿದ. ಆಮೇಲೆ ಕಂಡಕ್ಟರನಿಗೆ ಅಂದ: "ಬಿಡು ಹೋಗ್ಲಿ. ದಾರೂ ಇದ್ದಿದ್ರ ಛಲೋ ಇತ್ತು."

ಕನ್ಯಾ ನೋಡಲು

ಸಾಸ್ ಹೋಗದಿರುವುದನ್ನು ಕಂಡು ಸೇಠ್ ವ್ಯಾಪಾರ ಹರಡಿದ. ದೊಡ್ಡ ಮಗನಿಗೆ ಬೂಟಿನ ಅಂಗಡಿ, ಸಣ್ಣವನಿಗೆ ಹಲ್ಲು ಕಟ್ಟುವ ಅಂಗಡಿ. ತೋರಿಸಲೆಂದು ಕೃತಕ ಹಲ್ಲುಗಳೂ ನನ್ನ ಚೀಲ ಸೇರಿದವು.

ಆ ಚೀಲದ ಸಮೇತವೇ ನಿಲಂಗಾಕ್ಕೆ ಕನ್ಯಾ ನೋಡಲು ಹೋದೆ. ಒಕ್ಕಲುತನದ ಮನೆ. ಹುಡುಗಿಯ ಅಪ್ಪ, ಮನೆತನದ ಗುರುಗಳಾದ ಅಯ್ಯನವರು, ಬಾಗಿಲ ಬಳಿ ಅಪ್ಪನ ತಾಯಿ, ಬೊಚ್ಚುಬಾಯಿಯ ಆಯಿ.

"ಏನು ನೌಕರಿ?" ಅಪ್ಪ ಕೇಳಿದ.

"ಕಂಪನ್ಯಾಗ ಇದ್ದೀನ್ರಿ."

"ಯಾರ ಕಂಪನಿ?"

"ಚೀನಾದವ್ರುದು."

ಅಪ್ಪನ ಮುಖ ಗಂಟಾಯಿತು. "ಅವ್ರು ಕಪ್ಪಿ ತಿಂತಾರಂತ. ಅಯ್ಯನವ್ರೇ, ಇಂಥವಗ ಹೆಂಗ ಹೆಣ್ಣು ಕೊಡೂದ್ರಿ?" ಅಯ್ಯನವರು ನನ್ನ ಕೊರಳಿನ ಲಿಂಗ ಒಮ್ಮೆ, ಚೀಲ ಒಮ್ಮೆ ನೋಡಿದರು. ಒಳಗಿನಿಂದ ಬಳೆ ಸಪ್ಪಳ ಕೇಳುತ್ತಿತ್ತು. ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು. ನಾಚಿಕೆಯಿಂದ ಎದ್ದು ಚೀಲ ಎಳೆದುಕೊಂಡೆ. ಅದರ ಹೊಲಿಗೆ ಕಿತ್ತು, ಹಲ್ಲಿನ ಸಾಲುಗಳು ಅಯ್ಯನವರ ಪಾದದ ಮುಂದೆ ಉರುಳಿದವು.

ಅಯ್ಯನವರು ಕಾಲು ಮೇಲೆತ್ತಿಕೊಂಡು, "ಸತ್ತವ್ರವೇನಪ್ಪಾ?" ಅಂದರು.

"ಅಲ್ರಿ, ಮಾಡಿದ್ವು. ಬಾಯಾಗ ಹಾಕ್ಕೊಂಡು ತಿನ್ಲಿಕ್ಕ" ಅಂದೆ. ಧ್ವನಿ ನನಗೇ ಕೇಳಿಸಲಿಲ್ಲ.

ಆಯಿಗೆ ಕೇಳಿಸಿತ್ತು. ತೆವಳುತ್ತ ಬಂದು ಒಂದು ಜೋಡಿ ಎತ್ತಿ, ಸೆರಗಿನಿಂದ ಒರೆಸಿ, ಬಾಯಿಗಿಟ್ಟುಕೊಂಡಳು. ಬುಟ್ಟಿಯೊಳಗಿನ ಒಣ ಕಟಕ ರೊಟ್ಟಿ ಮುರಿದು ಕಡಿದಳು. ಕಟುಂ ಅಂತ ಸಪ್ಪಳಾಯಿತು.

"ಅವ್ವಾ, ಚೀನಾದವ್ರ ಹಲ್ಲು ಅವು. ಉಗುಳು" ಅಂದ ಅಪ್ಪ.

"ಹಲ್ಲು ಅವ್ರುವು ಇದ್ರೇನು, ರೊಟ್ಟಿ ನಮ್ಮದಲ್ಲೇನು?" ಅಂದು ಆಯಿ ಮತ್ತೊಂದು ತುಂಡು ಮುರಿದಳು.

ನಾನು ಮೆಲ್ಲಗೆ ಕೈ ಚಾಚಿ, "ಆಯಿ, ಅವು ಬರೇ ತೋರಸಲಿಕ್ಕ ತಂದ್ವು. ಸೇಠಗ ತಿರುಗಿ ಕೊಡಬೇಕು" ಅಂದೆ.

ಆಯಿ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು, ನುಂಗಿ, ಆಮೇಲೆ ಹೇಳಿದಳು: "ಬೇಕಾದ್ರ ಹುಡಗೀನ ಒಯ್ಯಿ. ಹಲ್ಲು ಕೊಡಂಗಿಲ್ಲ."