ಕುಂಕುಮ ಹಚ್ಚಿದ ಮೆಸೇಜು

ಮಸ್ಕಿ ಪಟ್ಟಣದಲ್ಲಿ ಒಪ್ಪಿಗೆಯಿಲ್ಲದೆ ಯಾರ ಮೊಬೈಲಿಗೂ ಜಾಹೀರಾತು ಕಳಿಸತಕ್ಕದ್ದಲ್ಲ ಎಂಬ ನಿಯಮ ಜಾರಿಯಲ್ಲಿದೆ. ನಿಯಮವನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಾರೆ. ಜಾಹೀರಾತುಗಳು ಮೊದಲಿಗಿಂತ ಹೆಚ್ಚಾಗಿವೆ. ಇಷ್ಟಕ್ಕೂ ಹುಲಿಗೇಶನ ಮದುವೆಯೇ ಕಾರಣವೆಂಬುದನ್ನು ಯಾರೂ ಅಲ್ಲಗಳೆದಿಲ್ಲ.

ಹುಲಿಗೇಶ ಬಸ್ ನಿಲ್ದಾಣದ ಎದುರು, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ‘ಹೊನ್ನೂರಮ್ಮ ಡಿಜಿಟಲ್ ಪ್ರಚಾರ’ ನಡೆಸುತ್ತಿದ್ದ. ಹೊನ್ನೂರಮ್ಮ ಅವನ ತಾಯಿ. ಸಿಂಧನೂರಿನ ಗಾದಿ ಅಂಗಡಿ, ಲಿಂಗಸುಗೂರಿನ ಕನ್ನಡಕದ ಅಂಗಡಿ, ಯಾರು ಕೊಟ್ಟರೂ ಅವರ ಜಾಹೀರಾತನ್ನು ಊರಿಗೆಲ್ಲ ವಾಟ್ಸಾಪಿನಲ್ಲಿ ಹಂಚುವುದು ಅವನ ಕೆಲಸ. ನಂಬರುಗಳು ಎಲ್ಲಿಂದ ಬಂದವೆಂದು ಕೇಳುವುದು ಆ ವೃತ್ತಿಯಲ್ಲಿ ಮರ್ಯಾದೆಯಲ್ಲ. ಓಣಿಯ ಹಿರಿಯಳಾದ ಆದೆಮ್ಮನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಹಲ್ಲಿಗೆ ತಂತಿ ಕಟ್ಟಿಸುವ ರಿಯಾಯಿತಿ ಮಾತ್ರ ಆಕೆಗೆ ಪ್ರತಿ ವಾರ ಬರುತ್ತಿತ್ತು. ಕ್ರಮೇಣ ಊರಿನವರೆಲ್ಲ ಹುಲಿಗೇಶನನ್ನು ಬ್ಲಾಕ್ ಮಾಡಿದರು. ಅವನು ಹೊಸ ಸಿಮ್ ಕೊಂಡ. ಹೀಗೆ ಎರಡೂ ಕಡೆಯವರು ತಮ್ಮ ತಮ್ಮ ಕೆಲಸ ಮಾಡಿಕೊಂಡು ನೆಮ್ಮದಿಯಾಗಿದ್ದರು.

ಅಷ್ಟರಲ್ಲಿ ಸಂತೆಕಲ್ಲೂರಿನ ಗಂಗಾದೇವಿಯ ಜೊತೆ ಅವನ ಮದುವೆಯ ಮಾತು ಬಂತು. ಹುಡುಗಿ ಒಪ್ಪಿದಳು. ಹುಡುಗನಂತೂ ಅಂದಿನಿಂದ ಗಾದಿಯ ಚಿತ್ರ ಕಳಿಸುವಾಗಲೂ ನಗುತ್ತಿದ್ದ. ಹುಡುಗಿಯ ಅಪ್ಪ ಮೈಲಾರಲಿಂಗಪ್ಪ ಭಾವಿ ಅಳಿಯನ ನಂಬರನ್ನು ಫೋನಿನಲ್ಲಿ ಸೇರಿಸಲು ಹೋದ. ಅದು ಆಗಲೇ ಸೇರಿತ್ತು, ಬ್ಲಾಕೂ ಆಗಿತ್ತು. ಹೆಸರು: ‘ಗಾದಿ ಕಾಟ’.

“ಕುರಿ ಈಯೋ ಹೊತ್ತಿನ್ಯಾಗ ಫೋನ್ ಬಡಕೊಂತು. ಏನಾತೋ ಏನೋ ಅಂತ ಓಡಿ ಬಂದು ನೋಡಿದ್ರ ಗಾದಿ!” ಎಂದ ಮೈಲಾರಲಿಂಗಪ್ಪ. “ನಮ್ಮನ್ಯಾಗ ಕಂಬಳಿ ಬಿಟ್ರ ಬ್ಯಾರೆ ಹಾಸಿಗೇ ಇಲ್ಲಲೇ ತಮ್ಮಾ.”

“ಮಾವಾರ, ಅದು ಪ್ರಚಾರ ರೀ.”

“ಕೇಳದ ಕಳಿಸಿದ್ರ ಕಾಟ. ಮಂದಿ ಹೂಂ ಅಂದ ಮ್ಯಾಲ ಕಳಿಸಿದ್ರ ಪ್ರಚಾರ. ನಿಮ್ಮೂರು ಮಂದಿ ನಿನಗ ಹೂಂ ಅಂದ ದಿನ ಬಾ, ಮಗಳನ್ನ ಕೊಡ್ತೀನಿ. ಅಲ್ಲೀತನ ಕಾಟಕ್ಕ ಹೆಣ್ಣು ಕೊಡಂಗಿಲ್ಲ.”

ಪ್ರಚಾರಕ್ಕೂ ಕಾಟಕ್ಕೂ ಇರುವ ಭೇದವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದ್ದರಿಂದ ಮಸ್ಕಿಯ ವರ್ತಕರದೊಂದು ಸಮಿತಿ ರಚನೆಯಾಯಿತು.

‘ಸಂದೇಶ ಸದಾಚಾರ ಸಮಿತಿ’ಗೆ ಸೀರೆ ವ್ಯಾಪಾರಿ ಪಂಪಾಪತಿಯವರು ಅಧ್ಯಕ್ಷರಾದರು. ಪ್ರಚಾರವೆಂದರೇನು, ಕಾಟವೆಂದರೇನು ಎಂದು ವರ್ತಕರನ್ನು ಒಬ್ಬೊಬ್ಬರನ್ನಾಗಿ ಕೇಳಲಾಯಿತು. ತಾನು ಕಳಿಸಿದ್ದು ಪ್ರಚಾರ, ಎದುರಿನ ಅಂಗಡಿಯವನು ಕಳಿಸಿದ್ದು ಕಾಟ ಎಂದು ಎಲ್ಲರೂ ಒಮ್ಮತದಿಂದ ಉತ್ತರಿಸಿದರು. ಒಮ್ಮತ ಮೂಡಿದ್ದಕ್ಕೆ ಅಧ್ಯಕ್ಷರು ಹರ್ಷ ವ್ಯಕ್ತಪಡಿಸಿ, ಜನರ ಒಪ್ಪಿಗೆ ಪಡೆಯಲು ಎಲ್ಲರಿಗೂ ಒಂದು ಮೆಸೇಜ್ ಕಳಿಸುವಂತೆ ಹುಲಿಗೇಶನಿಗೆ ಸೂಚಿಸಿದರು.

“ಎಲ್ಲಾರೂ ನನ್ನ ಎಲ್ಲಾ ಸಿಮ್ಮೂ ಬ್ಲಾಕ್ ಮಾಡ್ಯಾರ ರೀ ಸಾವಕಾರ್ರ.”

“ಹಂಗಾರ ಬ್ಲಾಕ್ ತಗೀರಿ ಅಂತ ಒಂದು ಮೆಸೇಜ್ ಹಾಕು.”

ಇದು ಸಮಿತಿಯಲ್ಲಿ ಮಧ್ಯಾಹ್ನದ ತನಕ ಚರ್ಚೆಯಾಯಿತು. ಮಗನಿಗೆ ಬುತ್ತಿ ತಂದು ಬಾಗಿಲಲ್ಲಿ ಕುಳಿತಿದ್ದ ಹೊನ್ನೂರಮ್ಮನಿಗೆ ಬೇಸರ ಬಂತು.

“ಯಪ್ಪಾ, ಒಂದು ಮನಿಗೆ ಕರೀಬೇಕಂದ್ರ ಏನ್ ಮಾಡ್ತೀವಿ? ಹೋಗಿ ಕುಂಕುಮ ಹಚ್ಚಿ ಕರೀತೀವಿ. ಮೆಸೇಜಿಗೂ ಹಂಗ ಕರೀರಿ. ಕುಂಕುಮ ಒಲ್ಲೆ ಅನ್ನೋರು ಯಾರದಾರ?”

ಸಮಿತಿ ತಲೆದೂಗಿತು. ಮರುದಿನ ಧ್ವನಿವರ್ಧಕ ಕಟ್ಟಿದ ಆಟೋದಲ್ಲಿ ಪ್ರಕಟಣೆ ಹೊರಟಿತು: ‘ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಹೆಣ್ಣುಮಕ್ಕಳಿಗೆ ಕುಂಕುಮ, ಗಂಡಸರಿಗೆ ಎಲೆ ಅಡಿಕೆ ಕೊಟ್ಟು ಆಮಂತ್ರಿಸಿದ ನಂತರವೇ ಜಾಹೀರಾತು ಕಳಿಸತಕ್ಕದ್ದು. ಕುಂಕುಮ ಸ್ವೀಕರಿಸಿದವರು ಒಪ್ಪಿಗೆ ಕೊಟ್ಟಂತೆ ಭಾವಿಸಲಾಗುವುದು.’

ಹುಲಿಗೇಶ ಬೈಕ್ ಹೊಡೆದ. ಹಿಂದೆ ಹೊನ್ನೂರಮ್ಮ ಕುಂಕುಮದ ಬಟ್ಟಲು ಹಿಡಿದು ಕುಳಿತಳು. ಗಾದಿಯ ಸಲುವಾಗಿ ಓಣಿ ಓಣಿ ತಿರುಗಿದರು. ಬಾಗಿಲಿಗೆ ಬಂದ ಕುಂಕುಮವನ್ನು ಯಾವ ಮುತ್ತೈದೆ ಬೇಡವೆಂದಾಳು? ಒಬ್ಬಳೂ ಅನ್ನಲಿಲ್ಲ. ಕುಂಕುಮದ ಹಿಂದೆಯೇ ಬ್ಲಾಕುಗಳು ಬಿಚ್ಚಿಕೊಂಡವು.

ಒಂದು ಸಣ್ಣ ತೊಡಕು ಮಾತ್ರ ಉಂಟಾಯಿತು. ಕುಂಕುಮ ಹಚ್ಚಿ ಕರೆದ ಮೇಲೆ ಹೋಗದಿದ್ದರೆ ತಪ್ಪು ತಿಳಿದುಕೊಳ್ಳುತ್ತಾರೆಂದು ಜನ ಮೆಸೇಜಿಗೂ ಕಾಯದೆ, ರೇಷ್ಮೆ ಸೀರೆಯುಟ್ಟು, ಜಂಪರಿನ ಬಟ್ಟೆ ಹಿಡಿದು, ಟಂಟಂ ಗಾಡಿ ಮಾಡಿಕೊಂಡು ಸಿಂಧನೂರಿನ ಗಾದಿ ಅಂಗಡಿಗೆ ಹೊರಟುಬಿಟ್ಟರು. ಅಂಗಡಿಯ ಮಾಲು ಇನ್ನೂ ಬಂದಿರಲಿಲ್ಲ. ಮಾಲೀಕ ಗಾಬರಿಯಾಗಿ ಉಪ್ಪಿಟ್ಟು ಮಾಡಿಸಿದ. ಉಪ್ಪಿಟ್ಟು ತಿಂದು ಬರಿಗೈಲಿ ಬರುವುದು ಹೇಗೆಂದು ಎಲ್ಲರೂ ಗಾದಿಗೆ ಮುಂಗಡ ಕೊಟ್ಟರು. ಮೆಸೇಜನ್ನು ನೋಡದೆ ಅಳಿಸಿಹಾಕುತ್ತಿದ್ದ ಜನರೇ ಈಗ ಮೆಸೇಜ್ ಬರುವ ಮೊದಲೇ ಕೊಂಡಿದ್ದರು. ನೈತಿಕ ಪ್ರಚಾರದ ಶಕ್ತಿಯನ್ನು ಕಂಡು ಪಂಪಾಪತಿಯವರು ಭಾವುಕರಾದರು.

ಆದರೂ ಶಿಸ್ತಿನ ದೃಷ್ಟಿಯಿಂದ ನಿಯಮಕ್ಕೆ ಒಂದು ತಿದ್ದುಪಡಿ ಬಂತು: ‘ಕುಂಕುಮ ಸ್ವೀಕರಿಸಿದವರು ಮೆಸೇಜ್ ಬರುವ ತನಕ ಮನೆ ಬಿಟ್ಟು ಹೊರಡತಕ್ಕದ್ದಲ್ಲ.’

ಇಷ್ಟಾದ ಮೇಲೆ ಹುಲಿಗೇಶ ಸಂತೆಕಲ್ಲೂರಿಗೆ ಹೋದ. ಮೈಲಾರಲಿಂಗಪ್ಪ ಎಲೆ ಅಡಿಕೆ ತೆಗೆದುಕೊಂಡ, ಬ್ಲಾಕ್ ತೆಗೆದ, ಫೋನಿನಲ್ಲಿ ‘ಗಾದಿ ಅಳಿಯ’ ಎಂದು ತಿದ್ದಿದ. ಆಮೇಲೆ ಒಂದೇ ಒಂದು ಮಾತು ಹೇಳಿದ.

“ಮದುವಿ ಸುದ್ದಿ ಮಾತ್ರ ಫೋನ್‌ನ್ಯಾಗ ಹಾಕಬ್ಯಾಡ. ನನ್ನ ಮಗಳ ಮದುವಿ ಗಾದಿ ಅಲ್ಲ. ಹಿರೇರು ಕರದಂಗ ಕುಂಕುಮ ಹಚ್ಚಿ ಕರೀರಿ.”

ಹುಲಿಗೇಶನಿಗೆ ಈ ಮಾತು ಮನಸ್ಸಿಗೆ ಹಿಡಿಸಿತು. ಜೀವನದಲ್ಲಿ ಒಂದನ್ನಾದರೂ ಮಾರದೆ ಉಳಿಸಿಕೊಳ್ಳಬೇಕೆಂದು ಅವನಿಗೂ ಅನಿಸಿತ್ತು. ಅದೇ ಬೈಕು, ಅದೇ ತಾಯಿ, ಅದೇ ಬಟ್ಟಲು. ಮತ್ತೆ ಓಣಿ ಓಣಿ ತಿರುಗಿ ಊರನ್ನೆಲ್ಲ ಕರೆದ. ಎಲ್ಲರೂ ಸಂತೋಷದಿಂದ ಹಣೆ ಕೊಟ್ಟರು.

ಮದುವೆಯ ದಿನ ಮಂಟಪದಲ್ಲಿ ಎರಡು ಮನೆಯ ಬೀಗರು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ತಾಳಿ ಕಟ್ಟಿದ್ದಾಯಿತು. ಹಂಡೆಗಟ್ಟಲೆ ಗೋಧಿ ಹುಗ್ಗಿ ಆರುತ್ತಿತ್ತು. ಸನಾದಿಯವರು ಖಾಲಿ ಕುರ್ಚಿಗಳನ್ನು ನೋಡುತ್ತ ಊದಿದರು. ಮೈಲಾರಲಿಂಗಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ಅದನ್ನು ನೋಡಿದ ಹುಲಿಗೇಶ ಕಟ್ಟಿದ ಬಾಸಿಂಗವನ್ನೂ ಬಿಚ್ಚದೆ ಬೈಕ್ ಹತ್ತಿ ಓಣಿಗೆ ಬಂದ.

ಆದೆಮ್ಮ ಇಳಕಲ್ ಸೀರೆಯುಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು. ಒಂದು ಕೈಯಲ್ಲಿ ಉಡುಗೊರೆ ಕೊಡುವ ಆಯೇರಿಯ ಚೀಲ, ಇನ್ನೊಂದರಲ್ಲಿ ಫೋನು. ಓಣಿಯ ಎಲ್ಲ ಕಟ್ಟೆಗಳ ಮೇಲೂ ಜನ ಹಾಗೆಯೇ ಸಿಂಗರಿಸಿಕೊಂಡು ಕುಳಿತಿದ್ದರು.

“ಯಮ್ಮಾ, ಯಾಕ ಬರಲಿಲ್ಲ?”

“ಮುಂಜಾನಿಂದ ಕುಂತೀನಿ ನನ್ನಪ್ಪ. ಮೆಸೇಜ ಬರವಲ್ದು. ನೆಟ್ ಹೋಗೇತೋ ಏನೋ.”

“ಮದುವಿಗೆ ಎಂಥಾ ಮೆಸೇಜ್ ಬೇ? ಅವ್ವ ಬಂದು ಕುಂಕುಮ ಹಚ್ಚಿಲ್ಲೇನು?”

“ಹಚ್ಯಾಳ. ಅದು ಮೆಸೇಜಿಗೆ ಕರದಿದ್ದು. ಬರಾಕ ಕರದಿಲ್ಲಲ್ಲ?”

ಅಷ್ಟರಲ್ಲಿ ಪಂಪಾಪತಿಯವರೂ ಜರಿ ಶಲ್ಯ ಹೊದ್ದು ಅಲ್ಲಿಗೆ ಬಂದರು. ಕುಂಕುಮ ಹಚ್ಚಿ ಮೆಸೇಜ್ ಕಳಿಸದಿರುವುದು ಇಡೀ ಊರಿಗೆ ಮಾಡಿದ ನಂಬಿಕೆದ್ರೋಹವೆಂದೂ, ಕಾಟ ಎಂದರೆ ನಿಜವಾಗಿ ಇದೇ ಎಂದೂ ಸಮಿತಿಯ ಪರವಾಗಿ ನೊಂದು ನುಡಿದರು. ಕಟ್ಟೆಗಳ ಮೇಲಿದ್ದವರೆಲ್ಲ ಹೌದೆಂದರು.

ಹುಲಿಗೇಶ ಮಂಟಪಕ್ಕೆ ಮರಳಿ ನಡೆದದ್ದನ್ನು ಹೇಳಿದ. ಗಂಗಾದೇವಿ ಕೈ ಚಾಚಿದಳು.

“ಇಲ್ಲಿ ಕೊಡ್ರಿ ಫೋನು. ಹುಗ್ಗಿ ಹಳಸ್ತದ,” ಎಂದು ಬಳೆ ಸರಿಸಿಕೊಂಡು ತಾನೇ ಬರೆದಳು: ‘ಜನರ ಅಪಾರ ಬೇಡಿಕೆಯ ಮೇರೆಗೆ ಹುಲಿಗೇಶ–ಗಂಗಾದೇವಿ ಇವರ ಮದುವೆಯನ್ನು ನಾಳೆಯವರೆಗೆ ವಿಸ್ತರಿಸಲಾಗಿದೆ. ಹುಗ್ಗಿ ಇರುವವರೆಗೆ ಮಾತ್ರ.’

ಮರುದಿನ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂತ್ರ ಹೇಳುವವರು ಊರಿಗೆ ಹೋಗಿದ್ದರಿಂದ ಸನಾದಿಯೊಂದಿಗೇ ಎರಡನೆಯ ಸಲ ಅಕ್ಷತೆ ಬಿತ್ತು. ಬಾಗಿಲಿಗೆ ಪಂಪಾಪತಿಯವರು ‘ಇಂದೇ ಕೊನೆಯ ದಿನ’ ಎಂಬ ಬ್ಯಾನರ್ ಕಟ್ಟಿಸಿದ್ದರು. ಮೈಲಾರಲಿಂಗಪ್ಪ ಅದರ ಕೆಳಗೇ ನಿಂತು ಬಂದವರಿಗೆಲ್ಲ ಕೈಮುಗಿದ. ಇಷ್ಟು ಮಂದಿಯನ್ನು ಅವನು ಯಾವ ಮದುವೆಯಲ್ಲೂ ಕಂಡಿರಲಿಲ್ಲ.

ಆದೆಮ್ಮ ಹುಗ್ಗಿ ಉಂಡು, ಆಯೇರಿ ಕೊಟ್ಟು, ಇಬ್ಬರ ತಲೆ ಸವರಿದಳು.

“ಚಂದಾತು ನನ್ನಪ್ಪ. ದೀಪಾವಳಿಗೆ ಮತ್ತ ಇರ್ತದೇನು?”

ಹುಲಿಗೇಶ ಹೆಂಡತಿಯ ಮುಖ ನೋಡಿದ.

“ಇದ್ರ ಮೆಸೇಜ್ ಹಾಕ್ತೀವಿ ಯಮ್ಮಾ,” ಎಂದಳು ಗಂಗಾದೇವಿ.